ಹಳದಿ ಟೇಪಿನ ಕುರ್ಚಿ

ಜೂನ್ ೩, ಸೋಮವಾರ — ಬೆಳಿಗ್ಗೆ ೯

ಕ್ಯಾಮೆರಾ ಚಾರ್ಜ್ ಆಯಿತು. ರೆಕಾರ್ಡರಿಗೆ ಹೊಸ ಸೆಲ್. ನೀರಿನ ಲೋಟ, ಟಿಶ್ಯೂ ಡಬ್ಬ, ಪ್ರಶ್ನಾವಳಿ ಎರಡು ಪ್ರತಿ. ಗೋಡೆ ಗಡಿಯಾರ ಇಳಿಸಿ ಬೀರುವಿನೊಳಗೆ. ಟಿಕ್ ಟಿಕ್ ಸದ್ದು ಕೆಲವರಿಗೆ ಆಗಿಬರುವುದಿಲ್ಲ. ಪೆನ್ನು ಎರಡು, ಎರಡೂ ಮುಚ್ಚಳದ್ದು, ಕ್ಲಿಕ್ ಅನ್ನದಂಥವು. ಎಲ್ಲ ನಮ್ಮ ಅಧ್ಯಯನ ನಡೆಸುವ ದೊಡ್ಡ ಮೇಡಂ ಕಲಿಸಿದ್ದು. ಪೆನ್ನಿನ ಕ್ಲಿಕ್ಕಿಗೆ ಒಬ್ಬ ಮನುಷ್ಯ ಬೆಚ್ಚಬಹುದು ಎಂದು ಯೋಚಿಸುವ ತಲೆ ಎಷ್ಟು ಜನರಿಗಿದೆ? ನನಗಂತೂ ಇರಲಿಲ್ಲ.

ಇವತ್ತಿನಿಂದ ಎರಡನೇ ಸುತ್ತು. ಮೂವತ್ತೆಂಟು ಜನ. ಕೆಲವರು ಮನೆಯಲ್ಲೇ ಹೊಡೆತ ತಿಂದವರು, ಕೆಲವರು ಬೀದಿಯಲ್ಲಿ, ಕೆಲವರು ಕೆಲಸದ ಜಾಗದಲ್ಲಿ. ಹೋದ ವರ್ಷ ಒಮ್ಮೆ ಮಾತಾಡಿಸಿದ್ದೆವು. ಆಮೇಲೆ ವರ್ಷವಿಡೀ ಬುಧವಾರ ಬುಧವಾರ ಕೆಳಗಿನ ಹಾಲಿನಲ್ಲಿ ಅವರ ಕೂಟ — ಮಾತು, ಹೊಲಿಗೆ, ಒಮ್ಮೊಮ್ಮೆ ಸುಮ್ಮನೆ ಕೂರುವುದು. ಅದರಿಂದ ಭಯ ಎಷ್ಟು ಇಳಿಯಿತು ಎಂದು ಈಗ ಮತ್ತೆ ಕೇಳಿ ಅಳೆಯಬೇಕು. 'ಬಲಿಯಾದವರು' ಎಂಬ ಮಾತು ಮೇಡಂ ಹತ್ತಿರ ನಡೆಯುವುದಿಲ್ಲ. 'ಬಂದವರು' ಅನ್ನಬೇಕು. "ಏನೇನೋ ದಾಟಿ ಇಲ್ಲಿವರೆಗೂ ಬಂದಿದ್ದಾರಲ್ವಾ, ಅಷ್ಟು ಸಾಕು" ಅನ್ನುತ್ತಾರೆ. ಹೆಸರು ಎಲ್ಲೂ ಬರೆಯುವಂತಿಲ್ಲ, ಸ್ವಂತ ಡೈರಿಯಲ್ಲೂ. ಸರಿ. ಯಾರದ್ದೂ ಬರೆಯುವುದಿಲ್ಲ.

ಈ ಸಲ ವಿಡಿಯೋ ಹೊಸದು. ಮುಖಕ್ಕೆ ಬೆಳಕು ಬೀಳಬೇಕಾದರೆ ಕುರ್ಚಿ ಕಿಟಕಿಗೆ ಎದುರಾಗಿರಬೇಕು. ಅರ್ಧ ದಿನ ಒದ್ದಾಡಿ ಜಾಗ ಹುಡುಕಿದೆ. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಹಳದಿ ಟೇಪಿನ ಗುರುತು, ಸ್ಕೇಲ್ ಇಟ್ಟು ಅಂಟಿಸಿದ್ದು. ದೃಷ್ಟಿ ತಾಗಬೇಕು, ಅಷ್ಟು ನೀಟಾಗಿದೆ.

ಚೆಕ್‌ಲಿಸ್ಟಿನ ಮೊದಲ ಸಾಲು: 'ಬಂದವರು ಕೂರುವ ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಿದೆ.' ಇದು ಮೇಡಂ ಮಾಡಿದ ಪದ್ಧತಿ. ಹೋದ ವರ್ಷ ಮೂವತ್ತೆಂಟು ಸಲವೂ ಅವರೇ ಕೂತಿದ್ದರು. ಕಣ್ಣು ಮುಚ್ಚುವುದು, ಎದ್ದು ಏನೋ ಒಂದನ್ನು ಸರಿಸುವುದು. ಈಗ ಅವರಿಗೆ ಮಂಡಿ ಆಪರೇಷನ್, ಎರಡು ತಿಂಗಳು ಮನೆ. ಎಲ್ಲ ನನ್ನ ತಲೆ ಮೇಲೆ. ಇದರಲ್ಲಿ ಐದು ನಿಮಿಷ ಧ್ಯಾನಕ್ಕೆ ಎಲ್ಲಿಂದ ತರಲಿ? ಕುರ್ಚಿ ಅಂದರೆ ಕುರ್ಚಿ. ಟಿಕ್ ಹಾಕಿದೆ.

ಜೂನ್ ೧೨, ಬುಧವಾರ

ಇವತ್ತು ದರ್ಜಿ ಅಕ್ಕ. ನಲವತ್ತೈದರ ಹೆಂಗಸು. ಎರಡು ವರ್ಷದ ಹಿಂದೆ ಅವರದೇ ಅಂಗಡಿಗೆ ಯಾರೋ ನುಗ್ಗಿ ಹಿಂದಿನಿಂದ ಕಬ್ಬಿಣದ ಸರಳಿನಲ್ಲಿ ಹೊಡೆದಿದ್ದರು. ಎಡಗೈ ಇವತ್ತಿಗೂ ಭುಜದ ಮೇಲಕ್ಕೆ ಏಳುವುದಿಲ್ಲ. ಮೆಷಿನ್ನಿನ ಎತ್ತರ ಇಳಿಸಿಕೊಂಡು ಹೊಲಿಯುತ್ತಾರೆ. ಅದೇ ಅಂಗಡಿ, ಅದೇ ಜಾಗ. ನಾನಾಗಿದ್ದರೆ ಆ ಬೀದಿಗೇ ಕಾಲಿಡುತ್ತಿರಲಿಲ್ಲ.

ಒಳಗೆ ಬಂದವರು ಕೂರಲಿಲ್ಲ. ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಕುರ್ಚಿ. ಬಲಗೈಯಲ್ಲಿ ಕುರ್ಚಿ ಎತ್ತಿ ತಿರುಗಿಸಲು ಹೋದರು.

"ಅಕ್ಕ, ಅದನ್ನ ಅಲ್ಲಾಡಿಸ್ಬೇಡಿ. ಟೇಪ್ ಮೇಲೇ ಇರ್ಬೇಕು, ಇಲ್ಲಾಂದ್ರೆ ವಿಡಿಯೋದಲ್ಲಿ ಮುಖ ಕಪ್ಪಾಗುತ್ತೆ."

"ಓ, ಹೌದಾ. ಗೊತ್ತಾಗ್ಲಿಲ್ಲ ಬಿಡಿ."

ಗುರುತಿನ ಮೇಲೇ ಇಟ್ಟು ಸ್ವಲ್ಪ ಓರೆಯಾಗಿ ಕೂತರು. ಹನ್ನೊಂದನೇ ಪ್ರಶ್ನೆ — ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸುತ್ತಾ?

"ಈಗಾ?"

"ಇತ್ತೀಚೆಗೆ."

"ಈಗಂತೂ ಅನಿಸ್ತಿದೆ" ಎಂದು ನಕ್ಕರು.

'ತುಂಬಾ' ಎಂಬುದಕ್ಕೆ ಸುತ್ತು ಹಾಕಿದೆ. ಹೋದ ವರ್ಷ 'ಸ್ವಲ್ಪ' ಅಂದಿದ್ದರು. ಪಾಪ.

ಹೊರಡುವಾಗ ನನ್ನ ತೋಳಿನ ಹೊಲಿಗೆ ಬಿಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಚೀಲದಿಂದ ಸೂಜಿದಾರ ತೆಗೆದು ನಿಂತಲ್ಲೇ ಹಾಕಿಕೊಟ್ಟರು. "ಇಷ್ಟೊಂದು ಓದಿದೋರು ಹರಿದಿದ್ದು ಹಾಕ್ಕೊಂಡು ಬರ್ತೀರಲ್ಲ" ಎಂದು ಗದರಿಸಿದರು. ಭಯದಲ್ಲಿದ್ದೀರಾ ಎಂದು ಕೇಳಲು ಕೂತವಳು ನಾನು, ಉಪಚಾರ ನನಗೇ.

ಜುಲೈ ೧೯, ಶುಕ್ರವಾರ

ಮುಗಿಯಿತು. ಮೂವತ್ತೆಂಟು ಇಂಟರ್‌ವ್ಯೂ, ಮೂವತ್ತೆಂಟು ವಿಡಿಯೋ, ಮೂವತ್ತೆಂಟು ಚೆಕ್‌ಲಿಸ್ಟ್. ಮೇಡಂ ಮನೆಗೆ ಒಯ್ದು ಕೊಟ್ಟೆ. ಕಾಲು ಚಾಚಿಕೊಂಡು ಎಲ್ಲಕ್ಕೂ ಸಹಿ ಹಾಕಿದರು. "ನೀನಿದ್ದೀಯ ಅಂತ ನಿಶ್ಚಿಂತೆಯಾಗಿ ಮಲಗಿದ್ದೆ ಕಣೇ" ಅಂದರು. ದಾರಿಯುದ್ದಕ್ಕೂ ಕಾಲು ನೆಲದ ಮೇಲಿರಲಿಲ್ಲ.

ಆಗಸ್ಟ್ ೫, ಸೋಮವಾರ

ಮೇಡಂ ಬಂದರು, ಊರುಗೋಲು ಹಿಡಿದು. ಲಿಫ್ಟಿನಿಂದ ಕೋಣೆಗೆ ಬರಲು ಹತ್ತು ನಿಮಿಷ. ಸಹಾಯಕ್ಕೆ ಹೋದರೆ ಕೋಲಿನಲ್ಲೇ ದೂರ ಸರಿಸಿದರು.

ಗ್ರಾಫಣ್ಣ — ನಮ್ಮ ಅಂಕಿಅಂಶದವರು, ಮದುವೆ ಮನೆಯಲ್ಲೂ ಗ್ರಾಫ್ ಬಿಡಿಸುವವರು — ಲ್ಯಾಪ್‌ಟಾಪ್ ತೆರೆದು ನಮ್ಮ ಕಡೆ ತಿರುಗಿಸಿಟ್ಟರು. ಕೆಂಪು ಗೆರೆ ಮೇಲಕ್ಕೆ. ಮೂವತ್ತೆಂಟರಲ್ಲಿ ಮೂವತ್ತೊಂದು ಜನರಿಗೆ ಭಯ ಹೋದ ವರ್ಷಕ್ಕಿಂತ ಹೆಚ್ಚಾಗಿದೆ.

"ಮನೇಲಿ ನಿದ್ದೆ ಹೇಗಿದೆ ಅಂದ್ರೆ ಪರವಾಗಿಲ್ಲ ಅಂತಾರೆ. ಕೆಲಸಕ್ಕೆ ಹೋಗ್ತಿದ್ದಾರೆ. ಆದ್ರೆ ಭಯದ ಪ್ರಶ್ನೆ ಬಂದ್ರೆ ಹೆಚ್ಚಿನವರದ್ದು ಏರಿದೆ. ಹನ್ನೊಂದನೇದಂತೂ ಅಟ್ಟಕ್ಕೆ ಹತ್ತಿ ಕೂತಿದೆ. ನನಗೆ ತಲೆಬುಡ ಗೊತ್ತಾಗ್ತಿಲ್ಲ ಮೇಡಂ."

"ಇನ್ನೊಂದ್ಸಲ ಲೆಕ್ಕ ಹಾಕಿ."

"ಮೂರು ಸಲ ಹಾಕಿದೆ."

ಇಪ್ಪತ್ತೇಳಕ್ಕೆ ನಮಗೆ ಹಣ ಕೊಡುವ ಇಲಾಖೆಯ ಸಮಿತಿ ಕೂರುತ್ತದೆ. ಕೂಟದಿಂದ ಪ್ರಯೋಜನವಿಲ್ಲ ಎಂದು ನಾವೇ ಬರೆದುಕೊಟ್ಟರೆ ಬುಧವಾರ ನಿಲ್ಲುತ್ತದೆ. ಕೆಳಗಿನ ಹಾಲಿನ ಮೇಲೆ ಕಣ್ಣಿಟ್ಟವರು ಮೊದಲೇ ಇದ್ದಾರೆ, ಹಳೇ ಫೈಲು ತುಂಬುವುದಕ್ಕೆ. ಮೇಡಂ ಈ ಕೂಟ ಕಟ್ಟಿ ಒಂಬತ್ತು ವರ್ಷ, ಈ ಮೂವತ್ತೆಂಟು ಜನರಿಗೂ ಮೊದಲು ಎಷ್ಟೋ ಜನ ಬಂದುಹೋಗಿದ್ದಾರೆ. ಲ್ಯಾಪ್‌ಟಾಪ್ ತಾವೇ ಮುಚ್ಚಿದರು. ಆಮೇಲೆ ಅಂದರು, "ನಮಗೆ ಬೇಜಾರಾಗುತ್ತೆ ಅಂತ ಅಂಕಿ ಬದಲಾಗುತ್ತಾ? ಉಪಯೋಗ ಆಗಿಲ್ಲ ಅಂದ್ರೆ ಆಗಿಲ್ಲ ಅಂತಲೇ ಬರಿಯೋಣ."

ಧ್ವನಿ ಒಂದಿಷ್ಟೂ ನಡುಗಲಿಲ್ಲ. ಈ ಹೆಂಗಸನ್ನು ಕಂಡರೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ. ಇಷ್ಟು ಗಟ್ಟಿ ನಾನು ಯಾವ ಜನ್ಮಕ್ಕೆ ಆದೇನು.

ಆಗಸ್ಟ್ ೮, ಗುರುವಾರ — ಸಂಜೆ ೫

ಮನೆಗೆ ಹೋಗುವ ಮೊದಲು ಬರೆದುಬಿಡುತ್ತೇನೆ.

ವಿಡಿಯೋಗಳನ್ನು ಮತ್ತೆ ನೋಡಲು ಹೇಳಿದ್ದರು. ನನ್ನ ಹೆಡ್‌ಫೋನ್ ಹಾಳಾದ್ದು ಕೈಕೊಟ್ಟಿತು. ಸರಿ, ಸದ್ದಿಲ್ಲದೆ ನೋಡೋಣ ಎಂದು ಕೂತೆ. ಮಾತಿಲ್ಲದಿದ್ದಾಗ ಮೈ ಕಾಣಿಸುತ್ತದೆ. ಎಲ್ಲರ ಕತ್ತೂ ತಿರುಗುತ್ತಿದೆ. ಎಡಕ್ಕೆ, ಹಿಂದಕ್ಕೆ, ಬಾಗಿಲ ಕಡೆಗೆ. ದರ್ಜಿ ಅಕ್ಕನದ್ದು ಎಣಿಸಿದೆ — ಐವತ್ತು ನಿಮಿಷದಲ್ಲಿ ನಲವತ್ತೊಂದು ಸಲ.

ಬ್ಯಾಂಕಿನ ವಾಚ್‌ಮನ್ ಮಾತ್ರ ಒಮ್ಮೆಯೂ ತಿರುಗಿಲ್ಲ. ದರೋಡೆಯವರ ಕೈಗೆ ಸಿಕ್ಕಿ ಬದುಕಿ ಬಂದ ಆಸಾಮಿ, ಮೀಸೆಯ ಗಟ್ಟಿಗ. ಇವರೊಬ್ಬರಾದರೂ ನೆಮ್ಮದಿಯಾಗಿದ್ದಾರಲ್ಲ ಎಂದುಕೊಂಡೆ. ಮತ್ತೆ ನೋಡಿದೆ. ಸ್ಟೀಲ್ ಲೋಟವನ್ನು ಮೆಲ್ಲಗೆ ಸರಿಸಿ ಎದುರಿಗಿಟ್ಟುಕೊಂಡಿದ್ದಾರೆ. ನೀರು ಮುಟ್ಟಿಲ್ಲ. ಇಡೀ ಹೊತ್ತು ಲೋಟವನ್ನೇ ನೋಡುತ್ತಿದ್ದಾರೆ. ಅದರ ಮೈಯಲ್ಲಿ ಹಿಂದಿನ ಬಾಗಿಲು ಕಾಣುತ್ತದೆ.

ಕೋಣೆಗೆ ಓಡಿದೆ. ಕುರ್ಚಿ ಇನ್ನೂ ಟೇಪಿನ ಮೇಲೇ ಇತ್ತು. ಮೊದಲ ಸಲ ಅದರಲ್ಲಿ ಕೂತೆ. ಕಿಟಕಿ ಎದುರಿಗೆ, ಬಾಗಿಲು ಬೆನ್ನಿಗೆ. ಕಾರಿಡಾರಿನಲ್ಲಿ ಹೆಜ್ಜೆ. ಲಿಫ್ಟಿನ ಗಂಟೆ. ಯಾರೋ ಬಾಗಿಲ ಹಿಡಿ ಮುಟ್ಟಿ ಮುಂದೆ ಹೋದರು. ಮೂರನೇ ನಿಮಿಷಕ್ಕೆ ನನ್ನ ಕತ್ತೂ ತಿರುಗಿತು. ನನಗೆ ಜೀವಮಾನದಲ್ಲಿ ಯಾರೂ ಹೊಡೆದವರಿಲ್ಲ.

ಹೋದ ವರ್ಷ ಕುರ್ಚಿ ಗೋಡೆಗೆ ಒರಗಿ ಬಾಗಿಲಿಗೆ ಎದುರಾಗಿತ್ತು. ಅದನ್ನು ಹಾಗೆ ಸರಿಸಿಟ್ಟಿದ್ದು ಮೇಡಂ, ಐದು ನಿಮಿಷ ಕೂತು ನೋಡಿದ ಮೇಲೆ. ಈ ವರ್ಷ ನಾನು ಮುಖಕ್ಕೆ ಬೆಳಕು ನೋಡಿದೆ. ಬಾಗಿಲಿಗೆ ಎದುರು ಕೂತವಳು ನಾನು, ನನಗೇನು ಗೊತ್ತಾಗಬೇಕು. ಹಿಂದಿನಿಂದ ಹೊಡೆಸಿಕೊಂಡವರನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿ, ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸುತ್ತಾ ಎಂದು ಕೇಳಿದ್ದೇನೆ. ಒಬ್ಬರಲ್ಲ ಇಬ್ಬರಲ್ಲ, ಮೂವತ್ತೆಂಟು ಜನರನ್ನು. ಕುರ್ಚಿ ತಿರುಗಿಸಲು ಹೋದ ಒಬ್ಬರೇ ಒಬ್ಬರನ್ನು ತಡೆದಿದ್ದೇನೆ.

ಆಗಸ್ಟ್ ೯, ಶುಕ್ರವಾರ

ಹೇಳಲಿಲ್ಲ.

ಕುರ್ಚಿಯ ವಿಷಯ ಹೇಳಬಹುದು. ಹೊಸ ಕ್ಯಾಮೆರಾ, ಬೆಳಕಿನ ತೊಂದರೆ, ಗೊತ್ತಾಗಲಿಲ್ಲ — ಯಾರೂ ಬೈಯುವುದಿಲ್ಲ. ಆದರೆ ಮೇಡಂ ಕೇಳುವ ಎರಡನೇ ಮಾತು ನನಗೆ ಗೊತ್ತು: "ದಿನಾ ಕೂತು ನೋಡಿದ್ಯಲ್ಲ, ನಿನಗೆ ಏನೂ ಅನಿಸ್ಲಿಲ್ವಾ?" ಮೂವತ್ತೆಂಟು ಟಿಕ್. ಸುಳ್ಳು ದಾಖಲೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಇಲ್ಲ. ನನ್ನ ಕೆಲಸ ಹೋಗುತ್ತದೆ, ಅದಿರಲಿ. ಕೆಳಗೆ ಮೇಡಂ ಸಹಿ ಇದೆ.

ಸುಮ್ಮನಿದ್ದರೆ ಬುಧವಾರ ಹೋಗುತ್ತದೆ.

ಮಧ್ಯಾಹ್ನ ಗ್ರಾಫಣ್ಣ ತಮಾಷೆಗೆ, "ಏನಮ್ಮಾ, ಜನರನ್ನ ನೀನೇ ಹೆದರಿಸಿ ಕಳಿಸಿದ್ಯಾ ಹೇಗೆ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಟೀ ಪೂರ್ತಿ ಕುಡಿಯದೆ ಎದ್ದೆ.

ಆಗಸ್ಟ್ ೧೧, ಭಾನುವಾರ

ಅಮ್ಮ ಬಟ್ಟೆ ಮಡಚುತ್ತಿದ್ದಳು. "ಎರಡು ದಿನದಿಂದ ನೋಡ್ತಿದ್ದೀನಿ, ಮುಖ ಸುಟ್ಟ ಬದನೆಕಾಯಿ ಆಗಿದೆ. ಏನಾಯ್ತೇ?"

ಎಲ್ಲ ಹೇಳಿದೆ. ಅಳು ಬಂತು, ಅತ್ತೆ.

"ಟಿಕ್ ಹಾಕೋಕೆ ಎಷ್ಟು ಹೊತ್ತು?"

"ಒಂದು ಸೆಕೆಂಡ್."

"ಕೂರೋಕೆ?"

"ಐದು ನಿಮಿಷ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ನಿನ್ನಂಥೋರನ್ನ ನೋಡೇ ಅಂದಿರ್ಬೇಕು." ಇನ್ನೊಂದು ಟವೆಲ್ ಮಡಚಿದಳು. "ಕೆಲಸ ಹೋಗುತ್ತಾ?"

"ಹೋಗ್ಬಹುದು."

"ಹೋಗ್ಲಿ ಬಿಡು. ನಿನಗೆ ಮನೇಲಿ ಅನ್ನ ಇದೆ, ಬೈಯೋಕೆ ನಾನಿದ್ದೀನಿ. ಬುಧವಾರ ಹೋದ್ರೆ ಅವರಿಗೆ ಏನಿದೆ?"

ಆಮೇಲೆ ಆ ಮಾತೇ ಎತ್ತಲಿಲ್ಲ. ದಿಂಬಿನ ಕವರು ನನ್ನ ಕೈಗೆ ಕೊಟ್ಟು ಮಡಚು ಅಂದಳು.

ಆಗಸ್ಟ್ ೧೨, ಸೋಮವಾರ

ಹೇಳಿದೆ.

ನಿಂತೇ ಹೇಳಿದೆ. ಮೊದಲು ಟಿಕ್, ಆಮೇಲೆ ಕುರ್ಚಿ. ಉಲ್ಟಾ ಹೇಳಿದ್ದರೆ ಕುರ್ಚಿಯ ಹಿಂದೆ ಅಡಗಿಕೊಂಡುಬಿಡುತ್ತಿದ್ದೆ. ದರ್ಜಿ ಅಕ್ಕ ತಿರುಗಿಸಲು ಹೋಗಿದ್ದು, ನಾನು ಬೇಡ ಅಂದಿದ್ದು, ಅದನ್ನು ಟಿಪ್ಪಣಿಯಲ್ಲೂ ಬರೆಯದೆ ಬಿಟ್ಟಿದ್ದು — ಎಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಲು ತೆಗೆದುಕೊಂಡು ಎದ್ದರು. ಕಾರಿಡಾರಿನ ಕೊನೆಯವರೆಗೂ ಟಕ್ ಟಕ್. ಹಿಂದೆ ಹೋದೆ. ಇಂಟರ್‌ವ್ಯೂ ಕೋಣೆಗೆ ಹೋಗಿ, ಮಂಡಿ ನೋವಿಗೆ ಹಲ್ಲು ಕಚ್ಚಿ, ಆ ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿದರು. ನಾನು ಬಾಗಿಲ ಹೊರಗೇ ನಿಂತೆ. ಒಳಗೆ ಹೋದರೆ ಬೆನ್ನ ಹಿಂದೆ ಹೋದ ಹಾಗಾಗುತ್ತದಲ್ಲ.

ಐದು ನಿಮಿಷ. ಎದ್ದು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಎಷ್ಟು ಹೆದರ್ಕೊಂಡು ಕೂತಿರ್ಬೇಕು" ಅಂದರು. ಅಧ್ಯಯನದ ಮಾತಲ್ಲ, ಸಹಿಯ ಮಾತಲ್ಲ, ಮೊದಲ ಮಾತು ಇದು. ಮತ್ತೆ, "ಆದ್ರೂ ಒಬ್ಬರೂ ಎದ್ದು ಹೋಗ್ಲಿಲ್ಲ ನೋಡು. ಮೂವತ್ತೆಂಟು ಜನ. ಐವತ್ತು ನಿಮಿಷ. ಹೋದ ವರ್ಷ ಹೀಗೆ ಕೂರಿಸಿದ್ರೆ ಹತ್ತು ನಿಮಿಷ ಕೂರ್ತಿದ್ರಾ? ನಾವು ಇದನ್ನ ಯಾವ ಕಾಲಮ್ಮಿನಲ್ಲಿ ಬರೆದ್ವಿ?"

ನಾನು, "ರಾಜೀನಾಮೆ ಬರೆದು ತಂದಿದ್ದೀನಿ ಮೇಡಂ."

"ಅದು ಸುಲಭದ ಕೆಲಸ. ಅದನ್ನ ಹರಿದು ಹಾಕು. ಕಷ್ಟದ್ದು ಇದೆ. ನಡೆದಿದ್ದನ್ನ ನಡೆದ ಹಾಗೆ ಬರಿ, ಒಂದು ಸಾಲೂ ಬಿಡ್ಬೇಡ. ಕೆಳಗೆ ಇಬ್ಬರ ಸಹಿ."

"ತಪ್ಪು ನಂದು ಮೇಡಂ, ನಿಮ್ಮದ್ಯಾಕೆ?"

"ನೋಡದೇ ಸಹಿ ಹಾಕಿದ್ದು ನಾನು. ನೀನು ಮೂವತ್ತೆಂಟು ಸಲ ಕೂರದೇ ಟಿಕ್ ಹಾಕಿದೆ, ನಾನು ಮೂವತ್ತೆಂಟು ಸಲ ನೋಡದೇ ಸಹಿ ಹಾಕಿದೆ. ಇಬ್ಬರದೂ ಒಂದೇ ರೋಗ."

ಹರಿದು ಹಾಕಿದೆ.

ಆಗಸ್ಟ್ ೨೭, ಮಂಗಳವಾರ

ಸಮಿತಿ. ಉದ್ದ ಮೇಜು, ಏಳು ಜನ. ಗ್ರಾಫಣ್ಣ ಮೊದಲೇ ಕಿವಿಮಾತು ಹೇಳಿದ್ದರು, "ಮೇಡಂ, ಟೆಕ್ನಿಕಲ್ ದೋಷ ಅಂತಷ್ಟೇ ಹೇಳಿ ಮುಗಿಸೋಣ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." ಮೇಡಂ ಕೇಳಿಸಿಕೊಂಡು ತಲೆಯಾಡಿಸಿದರು. ಒಳಗೆ ಹೋಗಿ ಪೂರ್ತಿ ಹೇಳಿದರು. ಕುರ್ಚಿ, ಟೇಪ್, ಟಿಕ್, ಸಹಿ. ಊರುಗೋಲನ್ನು ಮೇಜಿಗೆ ಒರಗಿಸಿ, ನಿಂತೇ, ಇಪ್ಪತ್ತು ನಿಮಿಷ. ನನ್ನ ಕಡೆ ಬೆರಳು ತೋರಿಸಲಿಲ್ಲ. 'ನಾವು' ಅಂದರು.

ಒಬ್ಬರು ಕನ್ನಡಕದವರು, "ಹಾಗಾದ್ರೆ ಒಂದು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತಲ್ಲ?" ಅಂದರು.

"ಹೌದು" ಅಂದರು ಮೇಡಂ. "ಮತ್ತೆ ಮಾಡ್ತೀವಿ."

ತೀರ್ಮಾನ: ಮೂರು ತಿಂಗಳು ಸಮಯ. ಅಲ್ಲಿಯವರೆಗೆ ಬುಧವಾರ ಇರುತ್ತದೆ. ಮತ್ತೆ ಕೇಳಿ ಮತ್ತೆ ಅಳೆಯಬೇಕು, ಬಂದವರು ಒಪ್ಪಿದರೆ. ನನಗೆ ಎಚ್ಚರಿಕೆ ಪತ್ರ. ಮೇಡಂಗೆ ಸಿಗಬೇಕಿದ್ದ ಎರಡು ವರ್ಷದ ಸೇವಾ ಮುಂದುವರಿಕೆ ಕೈಬಿಟ್ಟರು, ವರ್ಷದ ಕೊನೆಗೆ ನಿವೃತ್ತಿ. ಲಿಫ್ಟಿನಲ್ಲಿ ಮುಖ ಗೋಡೆಗೆ ತಿರುಗಿಸಿ ನಿಂತೆ. ಅವರೇ ಅಂದರು, "ಅಳೋದಾದ್ರೆ ಈಗಲೇ ಅತ್ಕೋ, ನಾಳೆಯಿಂದ ಮೂವತ್ತೆಂಟು ಫೋನ್ ಮಾಡೋದಿದೆ." ಇಂಥವರ ಕೈಕೆಳಗೆ ಕೆಲಸ ಮಾಡಿದ್ದೇನೆ ಎಂದು ನಾಳೆ ಮುದುಕಿಯಾದಾಗ ಹೇಳಿಕೊಂಡು ತಿರುಗುತ್ತೇನೆ, ಕೇಳುವವರಿರಲಿ ಬಿಡಲಿ.

ಸೆಪ್ಟೆಂಬರ್ ೨, ಸೋಮವಾರ

ಮೂವತ್ತೆಂಟು ಫೋನ್ ಮುಗಿದವು. ಎಲ್ಲರಿಗೂ ಇದ್ದದ್ದು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಮೂವತ್ತಾರು ಜನ ಬರುತ್ತೇವೆ ಅಂದರು. ಒಬ್ಬರು ಫೋನ್ ಕುಕ್ಕಿದರು. ಇನ್ನೊಬ್ಬರು, "ನಾನು ಮತ್ತೆ ಬರಲ್ಲ, ನಿಮ್ಮ ಕೋಣೆಯಿಂದ ಹೋದ ಮೇಲೆ ಒಂದು ವಾರ ನಿದ್ದೆ ಇರ್ಲಿಲ್ಲ" ಅಂದರು. ಅದನ್ನೂ ವರದಿಗೆ ಸೇರಿಸಿದೆ. ಮೇಡಂ ಅವರಿಗೆ ತಾವೇ ಪತ್ರ ಬರೆದರು.

ವಾಚ್‌ಮನ್ ಜೋರಾಗಿ ನಕ್ಕರು. "ಲೋಟ ಕಂಡುಹಿಡಿದ್ಬಿಟ್ರಾ? ನೀವೂ ವಾಚ್‌ಮನ್ ಕೆಲಸಕ್ಕೆ ಆಗ್ತೀರ ಬಿಡಿ."

ದರ್ಜಿ ಅಕ್ಕನಿಗೆ ಕೊನೆಗೆ ಮಾಡಿದೆ. ಧೈರ್ಯ ಬೇಕಿತ್ತು.

"ಅವತ್ತು ನೀವು ತಿರುಗಿಸೋಕೆ ಹೋದ್ರಿ, ನಾನು ಬೇಡ ಅಂದೆ. ನೀವು ಯಾಕೆ ಜಗಳ ಆಡ್ಲಿಲ್ಲ ಅಕ್ಕ?"

"ಅಷ್ಟು ನೀಟಾಗಿ ಟೇಪ್ ಅಂಟಿಸಿದ್ರಿ. ಪಾಪ, ಇದೂ ಒಂದು ಕೈಕೆಲಸ ಅಲ್ವಾ, ಕೆಡಿಸೋದು ಬೇಡ ಅನಿಸ್ತು." ಮೆಷಿನ್ನಿನ ಸದ್ದು ನಿಂತಿತು. "ಭಯ ಆಗಿದ್ದು ನಿಜ. ಆದ್ರೆ ಭಯ ಆದ್ರೂ ಕೂರ್ಬಹುದು ಅಂತ ಅವತ್ತೇ ನನಗೂ ಗೊತ್ತಾಗಿದ್ದು."

ಫೋನಿಟ್ಟ ಕೂಡಲೇ ಆ ಮಾತನ್ನು ಇಲ್ಲಿ ಬರೆದುಕೊಂಡೆ.

ಸೆಪ್ಟೆಂಬರ್ ೧೮, ಬುಧವಾರ — ಬೆಳಿಗ್ಗೆ ೮-೪೦

ಟೇಪ್ ಕಿತ್ತೆ. ಉಗುರಿನಲ್ಲಿ ಕೆರೆದರೂ ಅಂಟಿನ ಕಲೆ ಹೋಗಲಿಲ್ಲ, ನಾಲ್ಕು ಕಡೆ ಮಸುಕಾಗಿ ಉಳಿದಿದೆ. ಕ್ಯಾಮೆರಾ ಬೀರುವಿಗೆ, ಗಡಿಯಾರದ ಪಕ್ಕಕ್ಕೆ. ಕುರ್ಚಿಗಳೆಲ್ಲ ಗೋಡೆಗೆ ಒರಗಿಸಿದ್ದೇನೆ. ಐದು ನಿಮಿಷ ಕೂತೆ, ಪ್ರತಿ ಮೂಲೆಯಲ್ಲೂ. ಆಮೇಲೆ ಟಿಕ್. ಅದರ ಕೆಳಗೆ ಮೇಡಂ ಕೈಬರಹದಲ್ಲಿ ಹೊಸ ಸಾಲು: 'ಕುರ್ಚಿ ಎಲ್ಲಿರಬೇಕು ಎಂದು ಬಂದವರನ್ನೇ ಕೇಳಿದೆ.'

ಮೊದಲು ದರ್ಜಿ ಅಕ್ಕ.

ಅದೇ ದಿನ — ೧೦-೨೦

ಮುಂದಿನವರು ಬರುವುದಕ್ಕೆ ಹತ್ತು ನಿಮಿಷವಿದೆ. ಮರೆಯುವ ಮೊದಲು ಬರೆಯಬೇಕು.

"ಅಕ್ಕ, ಕುರ್ಚಿ ಎಲ್ಲಿ ಹಾಕ್ಲಿ?"

"ನಾನೇ ಹಾಕ್ಕೋತೀನಿ ಬಿಡಿ."

ಬಲಗೈಯಲ್ಲಿ ಒಂದು ಕುರ್ಚಿ ಎತ್ತಿಕೊಂಡು ಕೋಣೆಯೆಲ್ಲ ಒಮ್ಮೆ ನೋಡಿದರು. ನೆಲದ ಮೇಲೆ ಅಂಟಿನ ಕಲೆ ಕಂಡಿತು. ಕುರ್ಚಿಯನ್ನು ಸರಿಯಾಗಿ ಅದರ ಮೇಲೆ ಇಟ್ಟರು. ನಾಲ್ಕು ಕಾಲೂ ನಾಲ್ಕು ಗುರುತಿಗೆ. ಕೂತರು.

"ಅಕ್ಕ, ಅಲ್ಲಿ ಬೇಡ. ಬಾಗಿಲಿಗೆ ಬೆನ್ನಾಗುತ್ತೆ."

"ಗೊತ್ತು. ನೀವು ಎದುರಿಗೇ ಇದ್ದೀರಲ್ಲ. ಬಾಗಿಲು ನೀವು ನೋಡ್ಕೊಳ್ಳಿ, ನಾನು ಮಾತಾಡ್ತೀನಿ."

ನೋಡಿಕೊಂಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡೆ. ಪ್ರಶ್ನಾವಳಿ ಬಾಯಿಪಾಠ ಇದ್ದದ್ದಕ್ಕೆ ಬಚಾವಾದೆ. ಅರ್ಧದಲ್ಲಿ ಲಿಫ್ಟಿನ ಗಂಟೆ ಹೊಡೆಯಿತು, ಹೊರಗೆ ಹೆಜ್ಜೆ. ಅಕ್ಕನ ಮಾತು ನಿಂತಿತು. ಕತ್ತು ತಿರುಗಲಿಲ್ಲ. ನನ್ನ ಮುಖ ನೋಡಿದರು. ಯಾರೂ ಇಲ್ಲ ಎಂದು ತಲೆಯಾಡಿಸಿದೆ. ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿದು ಮುಂದುವರಿಸಿದರು.

ಹನ್ನೊಂದನೇ ಪ್ರಶ್ನೆಗೆ ಬಂದೆ. ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸುತ್ತಾ?

"ಇದ್ರೆ ನೀವು ಹೇಳ್ತೀರಲ್ಲ" ಅಂದರು.

ಇದಕ್ಕೆ ಯಾವ ಉತ್ತರಕ್ಕೆ ಸುತ್ತು ಹಾಕಬೇಕೋ ಗೊತ್ತಾಗಲಿಲ್ಲ. ಹಾಕಿಲ್ಲ. ಅವರ ಮಾತನ್ನೇ ಪಕ್ಕದ ಖಾಲಿ ಜಾಗದಲ್ಲಿ ಬರೆದಿದ್ದೇನೆ, ಗ್ರಾಫಣ್ಣ ಏನು ಬೇಕಾದರೂ ಮಾಡಿಕೊಳ್ಳಲಿ. ಮೇಡಂಗೆ ತೋರಿಸಬೇಕು, ಸಹಿ ಹಾಕುವ ಮೊದಲು ಓದಿ ಅಂತ ಹೇಳಿ —

ಬಾಗಿಲು ತಟ್ಟುತ್ತಿದ್ದಾರೆ. ವಾಚ್‌ಮನ್ ಇರಬೇಕು. ಲೋಟ ಎಲ್ಲಿಟ್ಟೆ? ಬೇಡ, ಲೋಟ ಬೇಕಾಗಲಿಕ್ಕಿಲ್ಲ, ಮೊದಲು ಕುರ್ಚಿ ಎಲ್ಲಿ ಅಂತ ಕೇಳಬೇಕು —